ಮಕಬೂಲಸಾಬನ ಹೆಂಡತಿಯ ಓಟು

ಹುಬ್ಬಳ್ಳಿ,
ಶನಿವಾರ, ತಾ. ೨೦-೨-೧೯೩೭

ನನ್ನ ಜೀವದ ಗೆಳತಿ ಸುಹಾಸಿನಿಗೆ,

ಹಾಜರಾಬಿಯ ಸಲಾಮು. ನಿಮ್ಮ ಮನೆಯ ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಧಾರವಾಡದಿಂದ ನೀನು ಕಳಿಸಿದ ಸಂಕ್ರಾಂತಿಯ ಕುಸುರೆಳ್ಳು ಬಂದು ತಿಂಗಳ ಮೇಲಾಯಿತು. ಮುಟ್ಟಿತೆಂದು ಒಂದು ಕಾರ್ಡು ಕೂಡ ಹಾಕಲಿಲ್ಲ, ಸಿಟ್ಟಾಗಿರುವಿ. ಬರೆಯಲು ಕೂತರೆ ಸುಳ್ಳು ಬರೆಯಬೇಕಾಗುತ್ತಿತ್ತು, ಅದಕ್ಕೇ ಬರೆಯಲಿಲ್ಲ. ಇವತ್ತು ಖರೇ ಬರೆಯುತ್ತೇನೆ. ಸಾಲಿಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತಾಗ ನಮಗೆ ಕಲಿಸುವ ಬಾಯಾರು ‘ಪುಸ್ತಕದಾಗ ಇದ್ದಂಗ ಬರೀರಿ’ ಎಂದು ಗದರಿಸುತ್ತಿದ್ದರಲ್ಲ, ಹಾಗೆಯೇ ಬರೆಯಲು ನೋಡುತ್ತೇನೆ. ನಡುವೆ ನಮ್ಮ ಓಣಿಯ ಮಾತು ನುಗ್ಗಿದರೆ ನೀನೇ ತಿದ್ದಿಕೋ.

ಇಲ್ಲಿ ಎರಡು ತಿಂಗಳು ಇಲೆಕ್ಷನ್ನಿನ ಗದ್ದಲ. ನಿಮ್ಮಲ್ಲಿಯೂ ಹಾಗೇ ಇರಬೇಕು. ಬೆಳಗಾಯಿತೆಂದರೆ ಕಾಂಗ್ರೆಸ್ಸಿನವರ ಪ್ರಭಾತಫೇರಿ ಓಣಿಯ ಬಾಯಿಗೆ ಬರುತ್ತಿತ್ತು. ಸಂಜೆ ದುರ್ಗದಬೈಲಿನಲ್ಲಿ ಭಾಷಣ. ಆದರೆ ಈಗ ಅಲ್ಲಿಗೆ ಹತ್ತಿರದಲ್ಲೇ ಟಾಕಿ ಸಿನೆಮಾದ ತಂಬು ಬಂದಿದೆ. ಭಾಷಣದವರು ಗಂಟಲು ಹರಿಯುವಂತೆ ಕೂಗುತ್ತಿರುವಾಗ ತಂಬಿನೊಳಗಿಂದ ಒಂದು ಹಾಡು ಎದ್ದರೆ ಅರ್ಧ ಜನ ಅತ್ತ ಹೋಗಿಬಿಡುತ್ತಾರಂತೆ. ಪಕ್ಕದ ಮನೆಯ ರೆಹಮತ್‌ಬಿ ಇದನ್ನೆಲ್ಲ ತನ್ನ ಗಂಡನಿಂದ ಕೇಳಿಕೊಂಡು ಬಂದು ನನಗೂ ಅತ್ತೆಗೂ ಹೇಳುತ್ತಿದ್ದಳು.

ನಿಮ್ಮವರ ಓಟು ಬೇರೆ, ನಮ್ಮವರ ಓಟು ಬೇರೆ ಎಂಬುದು ನಿನಗೆ ಗೊತ್ತೇ ಇದೆ. ಮುಸಲ್ಮಾನರ ಜಾಗಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ಊರ ವಕೀಲರು, ಇನ್ನೊಬ್ಬರು ಕಟ್ಟಿಗೆ ಅಡ್ಡೆಯ ಕಮರುದ್ದೀನ ಸಾಹೇಬರು. ಈ ಸಾಹೇಬರು ಕೆಲಸವಿಲ್ಲದೆ ಕೂತ ನಾಟಕ ಕಂಪನಿಯವರನ್ನು ಕರೆಸಿ, ಎತ್ತಿನ ಗಾಡಿಯ ಮೇಲೆ ಪೇಟಿ-ತಬಲಾ ಕೂಡ್ರಿಸಿ, ನಾಟಕದ ಮಟ್ಟಿನಲ್ಲಿ ತಮ್ಮ ಹೆಸರನ್ನು ಹಾಡಿಸುತ್ತಿದ್ದರು. ಆ ಮಟ್ಟು ನಾಟಕದಲ್ಲಿ ರಾಜ್ಯ ಕಳೆದುಕೊಂಡ ರಾಜ ಕಾಡಿಗೆ ಹೋಗುವಾಗ ಹಾಡುವುದು. ಹೆಂಗಸರ ಕಡೆಯಲ್ಲಿ ಕೂತು ನಾನು ಆರು ಸಲ ನೋಡಿದ ನಾಟಕ. ಗಾಡಿ ಮನೆಯ ಮುಂದೆ ಹಾದಾಗಲೆಲ್ಲ ಒಬ್ಬಳೇ ನಕ್ಕೆ. ಯಾರ ಸಂಗಡ ಹೇಳಿ ನಗಲಿ?

ಆ ನಾಟಕ ನಾನು ಆರು ಸಲ ಯಾಕೆ ನೋಡಿದೆನೆಂದು ನಿನಗೆ ಗೊತ್ತು. ಅದರ ಪರದೆ ಬರೆದವರು ನನ್ನ ಯಜಮಾನರು. ನದಿಯ ಪರದೆ ಬಿಟ್ಟಾಗ ಜನ ಚಪ್ಪಾಳೆ ಹೊಡೆಯುತ್ತಿದ್ದರು, ನಾನು ಬುರಖಾದೊಳಗೆ ಬೆವರುತ್ತಿದ್ದೆ. ಕಂಪನಿಯ ಜೊತೆ ಅವರು ಮುಂಬೈಗೆ ಹೋಗಿ ಆರು ವರ್ಷವಾಯಿತು. ಕಂಪನಿ ಮುರಿಯಿತು, ಅವರು ಟಾಕಿಯವರಲ್ಲಿ ಪರದೆ ಬರೆಯಲು ನಿಂತರು. ಇಷ್ಟು ನಿನಗೆ ಬರೆದಿದ್ದೇನೆ. ‘ಅವರು ಕ್ಷೇಮ, ಈ ಸಲ ಬರುವವರಿದ್ದರು, ರಜೆ ಸಿಗಲಿಲ್ಲ’ ಎಂದೂ ಪ್ರತಿ ಪತ್ರದಲ್ಲಿ ಬರೆದಿದ್ದೇನೆ. ಅದು ಖರೇ ಅಲ್ಲ, ಸುಹಾಸಿನಿ.

ಹದಿನಾರು ತಿಂಗಳ ಹಿಂದೆ ಅವರ ಪತ್ರ ಬಂತು. ಮುಂಬೈಯಲ್ಲಿ ನಿಕಾಹ ಆಗಿದೆ, ಒಂದು ಹೆಣ್ಣುಮಗುವೂ ಆಗಿದೆ ಎಂದು ಬರೆದು, ಕೆಳಗೆ ಮೂರು ಸಲ ತಲಾಖ ಎಂದು ಬರೆದು, ಇಬ್ಬರ ಸಾಕ್ಷಿ ಹಾಕಿಸಿದ್ದರು. ಪೋಸ್ಟಿನವನು ಹೋದ ಮೇಲೆ ಬಾಗಿಲ ಹಿಂದೆ ನಿಂತು ಓದಿದೆ. ಒಳಗಿನಿಂದ ಅತ್ತೆ, ‘ಯಾರ ಕಾಗದ? ನನ್ನ ಮಗಂದ ಏನು? ಜೋರಾಗಿ ಓದು’ ಎಂದರು. ನಮ್ಮ ಅತ್ತೆ ಮಕ್ತುಮಬಿಗೆ ಅಕ್ಷರ ಬರುವುದಿಲ್ಲ, ಕಣ್ಣಿಗೂ ಪೊರೆ ಬಂದಿದೆ. ನಾನು ಕಾಗದ ಹಿಡಿದುಕೊಂಡು, ‘ಹೊಸ ಚಿತ್ರದ ಕೆಲಸ ಬಂದೈತಿ, ರಂಜಾನಿಗೆ ಬರಾಕ ಆಗೂದಿಲ್ಲ, ಅವ್ವಗ ಸಲಾಮು’ ಎಂದು ಓದಿದೆ. ನಾಲಿಗೆ ಹೇಗೆ ಹೊರಳಿತೋ ನನಗೇ ತಿಳಿಯದು. ಮುಂದಿನ ಮೂರು ತಿಂಗಳು, ತಲಾಖಾದವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ಲೆಕ್ಕಕ್ಕೆ, ಹೊರಗೆ ಕಾಲಿಡಲಿಲ್ಲ. ಮೈಯಲ್ಲಿ ಆರಾಮಿಲ್ಲವೆಂದೆ. ಅತ್ತೆ ದಿನಾ ಶುಂಠಿ ಕಷಾಯ ಕಾಸಿ ಕುಡಿಸಿದರು. ಅದನ್ನು ಕುಡಿಯುವುದು ಎಲ್ಲಕ್ಕಿಂತ ಕಷ್ಟವಾಯಿತು.

ಮತ್ತೆ ಪತ್ರ ಬರಲಿಲ್ಲ. ಎರಡು-ಮೂರು ತಿಂಗಳಿಗೊಮ್ಮೆ ನಾನೇ ಹಳೆಯ ಲಕೋಟೆ ತೆರೆದು ಅತ್ತೆಗೆ ಹೊಸ ಪತ್ರ ಓದುತ್ತಿದ್ದೆ. ನೆರೆಯವರ ಕುಪ್ಪಸ ಹೊಲಿದು ಮನೆ ನಡೆಸಿದೆ. ಓದುವಾಗ ಅತ್ತೆ ತಸಬೀ ಮಣಿಸರ ಹಿಡಿದು ನನ್ನ ಕಡೆ ಮುಖ ಮಾಡಿ ಕೂಡುತ್ತಿದ್ದರು. ಆ ಹೊತ್ತು ನನಗೂ ಸ್ವಲ್ಪ ಹಿತವೆನಿಸುತ್ತಿತ್ತು, ಸುಳ್ಳು ಹೇಳಲಾರೆ. ಯಾರೋ ನನಗೂ ಬರೆದ ಹಾಗೆ.

ಹೀಗಿರುವಾಗ ಕಮರುದ್ದೀನ ಸಾಹೇಬರ ಕಡೆಯವರು ಮತದಾರರ ಯಾದಿ ಹಿಡಿದು ಬಾಗಿಲಿಗೆ ಬಂದರು. ಹೊರಗೆ ನಿಂತೇ ಓದಿದರು: ಮಕಬೂಲಸಾಬ, ಅವರ ಹೆಂಡತಿ ಹಾಜರಾಬಿ. ಮನೆಯ ಪಟ್ಟಿ, ಅಂದರೆ ತೆರಿಗೆ, ಅವರ ಹೆಸರಿನಲ್ಲಿದೆ, ಅದಕ್ಕೆ ಅವರಿಗೆ ಓಟು. ಅವರ ಹೆಂಡತಿ ಎಂಬುದಕ್ಕೆ ನನಗೆ. ಪರದೆ ಕಟ್ಟಿದ ಟಾಂಗಾ ಕಳಿಸುತ್ತೇವೆ, ಹೆಂಗಸರಿಗೆ ಬೇರೆ ಕೋಣೆ, ಚೀಟಿ ಕೊಡಲೂ ಹೆಣ್ಣುಮಗಳು, ಬಾಯಿಯವರು ಇರುತ್ತಾರೆ ಎಂದರು. ನಾನು ಬೇಡವೆಂದೆ. ಅತ್ತೆ ಕೇಳಲಿಲ್ಲ. ‘ಮಗಾ ಮುಂಬೈದಾಗ ಕುಂತು ಹೆಂಡ್ತಿಗೆ ಹಕ್ಕು ಕೊಡಸ್ಯಾನ, ಹೋಗಿ ಹಾಕಿ ಬಾ’ ಎಂದರು. ಓಣಿಯ ಎಲ್ಲರಿಗೂ ಹೇಳಿದರು. ತಮ್ಮ ಮದುವೆಯ ಹಸಿರು ಶಾಲನ್ನು ಪೆಟ್ಟಿಗೆಯಿಂದ ತೆಗೆಸಿ ನನ್ನ ಹೆಗಲಿಗೆ ಹಾಕಿದರು.

ಹೋದ ಸೋಮವಾರ ನಾನು, ರೆಹಮತ್‌ಬಿ, ಇನ್ನಿಬ್ಬರು ಟಾಂಗಾದಲ್ಲಿ ಹೋದೆವು. ಒಂದು ಸಾಲಿಯ ಕಟ್ಟಡದಲ್ಲಿ ಓಟು. ಹೆಂಗಸರ ಕೋಣೆಯಲ್ಲಿ ಟೇಬಲಿನ ಹಿಂದೆ ಕನ್ನಡಕ ಹಾಕಿದ ಬಾಯಿಯವರೊಬ್ಬರು ಕೂತಿದ್ದರು. ಪಕ್ಕದಲ್ಲಿ ಒಬ್ಬ ಮುದುಕ ಕಾರಕೂನರು ತಲೆ ಎತ್ತದೆ ಹೆಸರಿಗೆ ಗೀಟು ಹಾಕುತ್ತಿದ್ದರು. ನಮ್ಮ ಮುಂದಿನವರೆಲ್ಲ ‘ಇಂಥವರ ಹೆಂಡತಿ ಹೌದೋ’ ಎಂದು ಕೇಳಿದರೆ ನಾಚಿ ತಲೆ ಆಡಿಸಿ ಚೀಟಿ ಇಸಿದುಕೊಂಡು ಹೋಗುತ್ತಿದ್ದರು. ರೆಹಮತ್‌ಬಿಯೂ ಹಾಗೇ ಹೋದಳು. ನನ್ನ ಪಾಳಿ ಬಂತು.

‘ಮಕಬೂಲಸಾಬ ಅವರ ಹೆಂಡತಿ ನೀವ ಏನ್ರಿ?’ ಎಂದು ಬಾಯಿಯವರು ಕೇಳಿದರು.

ತಲೆ ಆಡಿಸಿದ್ದರೆ ಸಾಕಿತ್ತು. ಆಡಿಸಲಾಗಲಿಲ್ಲ. ಧೈರ್ಯದ ಮಾತೆಂದು ತಿಳಿಯಬೇಡ, ಸುಹಾಸಿನಿ. ಹದಿನಾರು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹೆಂಡತಿಯೇ ಎಂದು ಎಲ್ಲರೂ ತಿಳಿದುಕೊಂಡಿದ್ದರು, ನಾನು ಸುಮ್ಮನಿದ್ದೆ. ಅತ್ತೆಗೆ ಓದಿದ ಸುಳ್ಳು ಅವರ ಮಗನನ್ನು ಅವರಿಗೆ ಉಳಿಸಲಿಕ್ಕೆಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಇದು ಹಾಗಲ್ಲ. ನಾನು ಯಾರು ಎಂದು ಕೇಳುತ್ತಿದ್ದರು.

ಬಾಯಿಯವರು ನಾನು ಹೆದರಿದ್ದೇನೆಂದು ತಿಳಿದು ಸಮಾಧಾನದಿಂದ ಹೇಳಿದರು: ‘ಹೂಂ ಅಂದ್ರ ಚೀಟಿ ಕೊಡತೇನಿ. ಇಲ್ಲಂದ್ರ ಕೊಡಾಕ ಬರೂದಿಲ್ಲ. ವಿಚಾರ ಮಾಡಿ ಹೇಳ್ರಿ ತಂಗಿ.’

‘ನಾ ಅವರ ಹೆಂಡತಿ ಅಲ್ರಿ,’ ಎಂದೆ. ‘ಬಿಟ್ಟು ಹದಿನಾರು ತಿಂಗಳಾತು.’

ಕಾರಕೂನರು ಆಗ ತಲೆ ಎತ್ತಿದರು. ಓಟು ಹಾಕಿ ಹೊರಗೆ ಬರುತ್ತಿದ್ದ ರೆಹಮತ್‌ಬಿ ಅಲ್ಲೇ ನಿಂತುಬಿಟ್ಟಳು. ಕಾರಕೂನರು ನನ್ನ ಹೆಸರಿನ ಮುಂದೆ ಏನೋ ಬರೆದು, ಹೆಬ್ಬಟ್ಟು ಒತ್ತೆಂದು ಮಸಿಯ ಗಾದಿ ಮುಂದೆ ಸರಿಸಿದರು. ಸಹಿ ಮಾಡುತ್ತೇನೆಂದೆ. ಮಾಡಿದೆ.

ಬಾಯಿಯವರು ಸಹಿ ನೋಡಿ, ‘ಓದಾಕ ಬರಿಯಾಕ ಬರತೈತೇನ್ರಿ ನಿಮಗ?’ ಎಂದರು.

‘ನಾಲ್ಕನೇ ಇಯತ್ತೆ ಪಾಸಾಗೇನ್ರಿ.’

‘ಮೊದಲ ಅರ್ಜಿ ಕೊಟ್ಟಿದ್ರ ಅಕ್ಷರ ಬರತಾವು ಅಂತ ನಿಮ್ಮ ಸ್ವಂತ ಹೆಸರಲೇ ಓಟು ಬರತಿತ್ತಲ್ರಿ. ಈಗ ತಾರೀಖು ಮುಗದೈತಿ,’ ಎಂದರು. ಅವರಿಗೇ ಬೇಜಾರಾಯಿತು. ಗಂಡನ ಹೆಸರಿನ ಮೇಲೆ ಓಟು ಇದ್ದವಳಿಗೆ ಅರ್ಜಿಯ ಮಾತನ್ನು ಯಾರು ಹೇಳುತ್ತಾರೆ?

ಹೊರಗೆ ಬಂದರೆ ಟಾಂಗಾ ಹೊರಟುಹೋಗಿತ್ತು. ಓಟು ಹಾಕದವಳನ್ನು ಸಾಹೇಬರ ಟಾಂಗಾದಲ್ಲಿ ಯಾಕೆ ಒಯ್ಯಬೇಕೆಂದು ಅವರ ಕಡೆಯವರು ಅಂದರಂತೆ. ನಡೆದೇ ಬಂದೆ. ಮಧ್ಯಾಹ್ನದ ಬಿಸಿಲು. ದುರ್ಗದಬೈಲಿನ ತುಂಬ ಜನ, ಒಂದು ಕಡೆ ವಕೀಲರಿಗೆ ಜಯಕಾರ, ಇನ್ನೊಂದು ಕಡೆ ಪೇಟಿ, ನಡುವೆ ಗ್ರಾಮೊಫೋನು. ಇಷ್ಟು ವರ್ಷ ಇದೇ ಊರಲ್ಲಿದ್ದು ಆ ಪೇಟೆಯನ್ನು ಒಬ್ಬಳೇ ಎಂದೂ ದಾಟಿರಲಿಲ್ಲ. ಯಾರೂ ನನ್ನನ್ನು ನೋಡಲಿಲ್ಲ. ಯಾರಾದರೂ ಒಬ್ಬರು ‘ಎಲ್ಲಿಗೆ ಹೊಂಟೀಯವ್ವಾ’ ಎಂದು ಕೇಳಿದ್ದರೆ ಅಲ್ಲೇ ಕೂತು ಅತ್ತುಬಿಡುತ್ತಿದ್ದೆನೇನೋ. ಕೇಳಲಿಲ್ಲ, ಅಳಲಿಲ್ಲ.

ನನಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ರೆಹಮತ್‌ಬಿ ಹೇಳಿ ಹೋಗಿದ್ದಳು. ಅತ್ತೆ ಹೊಸ್ತಿಲ ಒಳಗೆ ಕೂತಿದ್ದರು. ಬಯ್ಯಲಿಲ್ಲ. ‘ಆ ಕಾಗದ ಐತೇನು?’ ಎಂದರು. ಐತಿ ಎಂದೆ. ‘ತಂದು ಓದು. ಇದ್ದದ್ದು ಇದ್ದಂಗ ಓದು,’ ಎಂದರು.

ಓದಿದೆ. ನಿಕಾಹ, ಮಗು, ಮೂರು ಸಲ ಬರೆದದ್ದು, ಸಾಕ್ಷಿಗಳ ಹೆಸರು, ಎಲ್ಲವನ್ನೂ. ಅವರು ತಸಬೀ ಹಿಡಿದಿದ್ದರು, ಮಣಿ ಸರಿಯಲಿಲ್ಲ. ಮುಗಿಸಿದಾಗ, ‘ನನ್ನ ಸುದ್ದಿ ಏನರ ಬರದಾನೇನು?’ ಎಂದು ಕೇಳಿದರು. ಅದನ್ನೂ ಓದಿದೆ: ‘ಅವ್ವನ ಕಣ್ಣು ಹೆಂಗದಾವು? ಆಕಿನ್ನ ನೋಡಬೇಕಂತ ಜೀವ ಎಳೀತೈತಿ. ಆಕಿಗೆ ನನ್ನ ಮುಖಾ ತೋರಸಾಕ ನಾಚಿಕಿ.’ ಅತ್ತೆ ಅಷ್ಟನ್ನು ಮತ್ತೊಮ್ಮೆ ಓದಿಸಿದರು. ಆಮೇಲೆ ಶಾಲು ತೆಗೆದಿಡು ಎಂದರು.

ಮರುದಿನ ಸುದ್ದಿ ಕೇಳಿ ಶಿರಗುಪ್ಪಿಯಿಂದ ಮೈದುನ ರಸೂಲಸಾಬ ಬಂಡಿ ಕಟ್ಟಿಕೊಂಡು ಬಂದ. ಅವನು ಒಕ್ಕಲುತನದವನು, ಕೆಟ್ಟವನಲ್ಲ. ನನ್ನ ಮುಖ ನೋಡದೆ ಗೋಡೆಗೆ ಹೇಳಿದ ಹಾಗೆ ಹೇಳಿದ: ‘ವೈನಿ, ತಪ್ಪು ನಿಮ್ಮದಲ್ಲ, ಅಣ್ಣಂದು. ಆದ್ರ ಇನ್ನ ನೀವು ಈ ಮನ್ಯಾಗ ಹೆಂಗಿರ್ತೀರಿ? ನಾಕ ಮಂದಿ ಏನಂದಾರು? ಅವ್ವನ್ನ ನಾ ಒಯ್ತೇನಿ.’ ಅತ್ತೆ ಏನಾದರೂ ಹೇಳುತ್ತಾರೆಂದು ಕಾದೆ. ಅವರು ತಮ್ಮ ಗಂಟು ಕಟ್ಟಿಸಿಕೊಂಡರು. ಮೂರು ದಿನ ನಾನೇ ಅವರ ಸೀರೆ ಒಗೆದು, ಮಡಿಚಿ, ಎಲೆಡಿಕೆ ಚೀಲ ಹೊಲಿದುಕೊಟ್ಟೆ. ಆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ಆದರೆ ನಾನು ಬಡಿಸಿದ್ದನ್ನು ಉಂಡರು. ನಿನ್ನೆ ಜುಮ್ಮಾದ ನಮಾಜು ಮುಗಿಸಿ ರಸೂಲಸಾಬ ಬಂಡಿ ಹೂಡಿದ. ಹತ್ತುವ ಮೊದಲು ಅತ್ತೆ ಕೈಚಾಚಿ, ‘ಆ ಕಾಗದ ಕೊಡು, ನನ್ನ ಮಗಂದು’ ಎಂದರು. ಕೊಟ್ಟೆ. ಎಲೆಡಿಕೆ ಚೀಲದಲ್ಲಿ ಇಟ್ಟುಕೊಂಡರು. ನನ್ನ ಗಲ್ಲವನ್ನು ಬೆರಳಿನಿಂದ ತಡವರಿಸಿ, ‘ಹದಿನಾರು ತಿಂಗಳ ನನಗ ಯಾಕ ಹೇಳಲಿಲ್ಲ ಹಾಜರಾ’ ಎಂದರು. ಬಂಡಿ ಹತ್ತಿದರು.

ಕಮರುದ್ದೀನ ಸಾಹೇಬರು ಬಹಳ ಓಟಿನಿಂದ ಸೋತರು. ಒಂದೇ ಓಟಿನಿಂದ ಸೋತಿದ್ದರೆ ಓಣಿಯವರು ನನ್ನನ್ನು ಜೀವಂತ ಬಿಡುತ್ತಿರಲಿಲ್ಲ. ರೆಹಮತ್‌ಬಿ ನಿನ್ನೆ ಸಂಜೆ ಒಂದು ಬುಟ್ಟಿ ರೊಟ್ಟಿ ಇಟ್ಟು, ಸೆರಗು ಜಗ್ಗಿಕೊಳ್ಳುತ್ತ, ತನ್ನ ಹಿತ್ತಲ ಕೋಣೆ ಖಾಲಿ ಇದೆ ಎಂದಳು. ಸುದ್ದಿ ಹಬ್ಬಿಸಿದ್ದಕ್ಕೆ ಅವಳ ಮನಸ್ಸು ಕುಟುಕುತ್ತಿರಬೇಕು. ಬಕ್ರೀದು ಮುಗಿದ ಮೇಲೆ ಅಲ್ಲಿಗೆ ಹೋಗುತ್ತೇನೆ. ಹೊಲಿಗೆ ಇದೆ, ಊಟಕ್ಕೆ ತೊಂದರೆಯಿಲ್ಲ. ಮನೆಯ ಕೀಲಿಯನ್ನು ರಸೂಲಸಾಬನ ಕೈಗೆ ಕೊಡುತ್ತೇನೆ.

ಇವತ್ತು ಬೆಳಿಗ್ಗೆ ಎದ್ದು ರೂಢಿಯಂತೆ ಎರಡು ಲೋಟ ಚಹಾ ಸೋಸಿದೆ. ಒಂದನ್ನು ಕುಡಿದೆ. ಇನ್ನೊಂದು ಆರಿಹೋಯಿತು. ಒಂಟಿತನ ಗಂಡ ಬಿಟ್ಟಾಗ ಬಂದದ್ದಲ್ಲ, ಸುಹಾಸಿನಿ. ಅದು ಬಂದದ್ದು ನಿನ್ನೆ. ಗಂಡ ಹೋದ ಮೇಲೂ ನನ್ನ ಬಾಯಿಂದ ಪತ್ರ ಕೇಳುವ ಒಂದು ಜೀವ ಈ ಮನೆಯಲ್ಲಿತ್ತು.

ಅವರು ಯಜಮಾನರಾಗಿದ್ದಾಗ ಅವರ ಹೆಸರನ್ನು ನಾನು ಬಾಯಲ್ಲಿ ಆಡಿರಲಿಲ್ಲ, ಕಾಗದದಲ್ಲಿ ಬರೆದಿರಲಿಲ್ಲ. ಇನ್ನು ಮೇಲೆ ಬರೆಯಬಹುದು. ಮೇಲೆ ಬರೆದದ್ದು ಬೇರೆಯವರ ಮಾತು, ಇದು ನನ್ನದು. ಮಕಬೂಲಸಾಬ. ನೋಡು, ಬರೆದೆ. ಏನೂ ಆಗಲಿಲ್ಲ.

ನಿನಗೆ ಪುರಸತ್ತು ಸಿಕ್ಕರೆ ಒಂದು ಕಾರ್ಡು ಹಾಕು. ಉದ್ದಕ್ಕೆ ಬರೆಯಬೇಕೆಂದಿಲ್ಲ. ರೆಹಮತ್‌ಬಿಯ ವಿಳಾಸಕ್ಕೆ, ಆದರೆ ನನ್ನೊಬ್ಬಳ ಹೆಸರಿಗೆ.

ನಿನ್ನ ಮಣೆಯ ಜೊತೆಗಾತಿ,
ಹಾಜರಾಬಿ

ತಾ.ಕ.: ಮೇಲೆ ಒಂದು ಸುಳ್ಳು ಉಳಿದಿದೆ. ಆ ಪತ್ರದಲ್ಲಿ ಅತ್ತೆಯ ಸುದ್ದಿ ಒಂದಕ್ಷರವೂ ಇರಲಿಲ್ಲ. ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವರು ಪತ್ರ ಬೇಡುತ್ತಾರೆಂದು ನನಗೆ ಗುಮಾನಿಯಿತ್ತು. ಶಿರಗುಪ್ಪಿಯಲ್ಲಿ ಅಕ್ಷರ ಬಲ್ಲವರು ಯಾರಾದರೂ ಓದಿ ಹೇಳಿದರೆ? ಅದಕ್ಕೆ ಗುರುವಾರ ಅವರು ನಮಾಜಿಗೆ ಕೂತಾಗ, ಸಾಕ್ಷಿಗಳ ಸಹಿಯ ಕೆಳಗೆ ಖಾಲಿ ಇದ್ದಲ್ಲಿ, ಆ ಮೂರು ಸಾಲನ್ನು ನಾನೇ ಬರೆದೆ, ಅವರ ಮಗನ ಕೈಬರಹದ ಹಾಗೆ ಎಡಕ್ಕೆ ವಾಲಿಸಿ. ಮಸಿ ಒಂದಿಷ್ಟು ಕಪ್ಪಾಗಿ ಕಾಣುತ್ತದೆ.