ಮೂಲೆಯಲ್ಲಿದ್ದ ಹೆಸರು

ಸಾಂಬ್ರಾಣಿ
೩ ನವೆಂಬರ್ ೨೦೨೫

ಮುದ್ದಿನ ಪೂನಂಗೆ,

ನಿನ್ನ ಅವ್ವ ಮಾಡುವ ಆಶೀರ್ವಾದ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಸಿಟ್ಟಿದ್ದರೆ ಇರಲಿ, ಹರಿಯದೆ ಓದು.

ಬಿಡುಗಡೆಗೆ ಮೊದಲೇ ನನಗೆ ನೋಡಲೆಂದು ನೀನು ಕಳಿಸಿದ ನಿನ್ನ ಸಿನಿಮಾವನ್ನು ಅಂಕುಶ ನನ್ನ ಫೋನಿನಿಂದ ಕದ್ದ ಎಂದೆನಲ್ಲ, ಅದು ಸುಳ್ಳು. ನಿನ್ನ ಚಿಕ್ಕಪ್ಪನ ಮಗ ನನ್ನ ಫೋನ್ ಮುಟ್ಟಿಯೂ ಇಲ್ಲ. ಹಂಚಿದ್ದು ನಾನೇ.

"ಯಾರಿಗೂ ಕಳಸಬ್ಯಾಡವ್ವ" ಎಂದು ನೀನು ಹೇಳಿದ್ದು ನೆನಪಿತ್ತು. ಆದರೆ ಅದೇ ವಾರ ನವರಾತ್ರಿಯ ಹಿರಿಯರ ಪೂಜೆ ಬಂತು. ಹೊಸ ಅಕ್ಕಿಯಾದರೂ ಹಿರಿಯರಿಗೆ ಎಡೆ ಇಡದೆ ನಾವು ಉಣ್ಣುವವರಲ್ಲ. ನಿನ್ನಪ್ಪ ನಿನ್ನನ್ನು ತೆರೆಯ ಮೇಲೆ ನೋಡದೆಯೇ ತೀರಿಹೋದರು. ಅದಕ್ಕೆ ಹಿರಿಯರೆಂದು ನಾವು ಪೂಜಿಸುವ ತೆಂಗಿನಕಾಯಿಯ ಮುಂದೆ, ಎಡೆಯ ಪಕ್ಕ ಫೋನ್ ಇಟ್ಟು ಸಿನಿಮಾ ಹಚ್ಚಿದೆ. ಕುಲದವರೆಲ್ಲ ಕೂತು ನೋಡಿ ಅತ್ತರು. ಹೋಗುವಾಗ "ನಮಗೂ ಕಳಸು" ಎಂದರು. ಎಡೆಗಿಟ್ಟದ್ದನ್ನು ಹಂಚುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಏಳು ಮನೆಗೆ ಕಳಿಸಿದೆ. ಅವರು ಯಾರ್ಯಾರಿಗೆ ಕಳಿಸಿದರೋ.

ಮೊನ್ನೆ ಪೊಲೀಸರು ಪಂಚಾಯ್ತಿಯಲ್ಲಿ ಸಭೆ ಕರೆದರು. ಕದ್ದ ಸಿನಿಮಾ ನೋಡುವವರನ್ನೂ ಸರಕಾರ ಇನ್ನು ಬಿಡುವುದಿಲ್ಲವಂತೆ. ಮೊದಲು ಎಚ್ಚರಿಕೆ, ಆಮೇಲೆ ದಂಡ, ಹಂಚಿದವರಿಗೆ ಜೈಲು. "ನಮ್ಮ ಪೂನಂನ ಸಿನಿಮಾ ನಾವು ನೋಡಿದ್ರ ಅದು ಕಳವೇನ್ರೀ?" ಎಂದು ಮುದುಕಿ ಶಿವವ್ವ ಕೇಳಿಯೇಬಿಟ್ಟಳು. ಸಾಹೇಬರು ಸಿಟ್ಟಾಗಲಿಲ್ಲ. "ಅಕಿ ಸಿನಿಮಾ ನೋಡಾಕ ಟಾಕೀಸಿಗೆ ಎಷ್ಟ ಮಂದಿ ಹೋಗಿದ್ರಿ?" ಎಂದರು. ಯಾರೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ನಿನ್ನ ಕೈಗೆ ಬಂದಿದ್ದ ಎರಡನೆಯ ಸಿನಿಮಾ ತಪ್ಪಿತು ಎಂದು ಅಂಕುಶನೇ ಹೇಳಿದ. ನಿನ್ನಿಂದ ಅಷ್ಟು ಬೈಸಿಕೊಂಡರೂ ಅವನು ನಿನಗಾಗಿಯೇ ಮರುಗುತ್ತಾನೆ. ನಾಳೆ ಹಳಿಯಾಳದ ಠಾಣೆಗೆ ಹೋಗಿ, ತಪ್ಪು ನನ್ನದು, ಮಗಳದ್ದಲ್ಲ ಎಂದು ಬರೆದುಕೊಡುತ್ತೇನೆ. ಅದರ ಪ್ರತಿಯನ್ನು ನಿಮ್ಮ ನಿರ್ದೇಶಕರಿಗೂ ಕಳಿಸುತ್ತೇನೆ. ನನ್ನನ್ನು ಮಾತಾಡಿಸದಿದ್ದರೂ ಅಂಕುಶನನ್ನು ಮಾತಾಡಿಸು.

ನಿನಗೆ ಅನ್ಯಾಯ ಮಾಡಿದ ಅವ್ವ,
ಮಧುಮತಿ

ಇನ್ನೊಂದು ಮಾತು: ತೆರೆಯ ಮೂಲೆಯಲ್ಲಿದ್ದ ಹೆಸರು ನೋಡಿಯೇ, ಅದು ನಿನಗೆ ಕೊಟ್ಟ ಪ್ರತಿ, ಹೊರಬಿಟ್ಟವಳು ನೀನೇ ಎಂದು ಸಿನಿಮಾದವರು ಹಿಡಿದರಂತೆ. ಸಿನಿಮಾದ ಉದ್ದಕ್ಕೂ ಕಂಡ ಆ 'ಪೂನಂ ರೋಹಿದಾಸ ಸಿದ್ದಿ'ಯನ್ನು ನಾನು ಅವರು ನಿನಗೆ ಕೊಟ್ಟ ಮರ್ಯಾದೆ ಎಂದುಕೊಂಡಿದ್ದೆ ಮಗಳೇ. ಕೂತವರಿಗೆಲ್ಲ ಬೆರಳಿಟ್ಟು ತೋರಿಸಿದೆ.