ವಾಸನೆಗೇ ಎದ್ದು ಬಂದ ಏಡಿ

ಮ್ಯಾಡಿಸನ್, ಗುರುವಾರ

ಅಪ್ಪಾ,

ನೀನು ಮೇನ್ ಕರಾವಳಿಯಿಂದ ಕಳಿಸಿದ ಉಪ್ಪು ಮೀನು ತಲುಪಿತು. ಇಲ್ಲಿ ಪ್ರಯೋಗಾಲಯದಲ್ಲಿ ನಾವು ಏಡಿಯ ಮೈಗೆ ಕೂದಲೆಳೆಯಂಥ ನಳಿಗೆ ಇಟ್ಟು, ಉಣ್ಣುವಾಗ ಮೈಗೆಲ್ಲ ಸಂದೇಶ ಒಯ್ಯಲೆಂದು ಅದರ ಮಿದುಳು ಹೊರಬಿಡುವ ಪೆಪ್ಟೈಡ್‌ಗಳನ್ನು ಹನಿಹನಿಯಾಗಿ ಹಿಡಿದು ಯಂತ್ರದಲ್ಲಿ ತೂಗುತ್ತೇವೆ. ಆದರೆ ಅಂಗಡಿಯ ಮೀನನ್ನು ಏಡಿ ಮೂಸಿಯೂ ನೋಡಲಿಲ್ಲ, ಪ್ರಯೋಗವನ್ನೇ ಕೈಬಿಡುವುದರಲ್ಲಿದ್ದೆವು. ನಿನ್ನೆ ನಿನ್ನ ಡಬ್ಬ ತೆರೆದೆ.

“ಏನೇ ಮೆರಿಟ್, ಯಾರನ್ನ ಹೂತಿಟ್ಟಿದ್ದೀಯೇ ಇಲ್ಲಿ?” ಎಂದು ಪ್ರೊಫೆಸರ್ ಓಡಗಾರ್ಡ್ ಮೂಗು ಮುಚ್ಚಿಕೊಂಡು ಓಡಿದರು. ಏಡಿ ಮಾತ್ರ ಎದ್ದು ಬಂತು! ಹನಿಗಳನ್ನು ತೂಗಿ ನೋಡಿದರೆ, ಅದು ಮೀನನ್ನು ಮುಟ್ಟುವ ಮೊದಲೇ, ಬರೀ ವಾಸನೆಗೇ ಪೆಪ್ಟೈಡ್ ಉಕ್ಕಿಬಿಟ್ಟಿದೆ. ಯಾಕೋ ಗೊತ್ತಿಲ್ಲ.

ನನ್ನ ನೆಗಡಿ ವಾಸಿಯಾಗಿದೆ. ಇನ್ನೊಂದು ಡಬ್ಬ ಕಳಿಸು. ಮುಚ್ಚಳ ತೆಗೆದ ಕೂಡಲೇ ನಿನ್ನ ದೋಣಿಯ ವಾಸನೆ ಬಂತಪ್ಪಾ. ಪುಣ್ಯಕ್ಕೆ ನಳಿಗೆ ಇದ್ದದ್ದು ಏಡಿಯ ಮೈಯಲ್ಲಿ, ನನ್ನ ಮೈಯಲ್ಲಲ್ಲ.

ನಿನ್ನ ಮೆರಿಟ್