ಎಡಗಣ್ಣಿನ ನಂಬರು

ಕನ್ನಡಕದ ಅಂಗಡಿಯ ಅಣ್ಣನವರಿಗೆ,

ಮಗಳ ಕನ್ನಡಕ ಒಡೆದಿದೆ, ಹೊಸದು ಬೇಕು. ಈ ಪತ್ರ ತಂದವಳು ನನ್ನ ಅಕ್ಕ. ಅವಳ ಕೈಗೇ ಕೊಡಿ. ನಿಮ್ಮಲ್ಲಿ ಬರೆಸಿದ್ದ ಆ ಮನೆಯನ್ನು ನಾವು ಬಿಟ್ಟಿದ್ದೇವೆ. ಹೊಸ ವಿಳಾಸ ಕೇಳಬೇಡಿ.

ಕೆಟ್ಟುಹೋದ ನಿಮ್ಮ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಿದ್ದಿರಲ್ಲ, ಆ ಅಂಗಡಿಯಲ್ಲಿ ಈಗ ಕೆಲಸಕ್ಕಿರುವವನು ನನ್ನ ಗಂಡ. ಅವನ ಹೊಡೆತ ತಾಳಲಾರದೆ ಮಗಳೊಂದಿಗೆ ಹೊರಬಂದವಳು ನಾನು. ನಿಮ್ಮಲ್ಲಿ ನಮ್ಮಿಬ್ಬರ ಹೆಸರನ್ನೂ ಬದಲಿಸಿ ಬರೆಸಿದ್ದೆ. ಆದರೆ ಬಲಗಣ್ಣಿಗೆ ಏನೂ ಇಲ್ಲದೆ ಎಡಗಣ್ಣಿಗೆ ಮಾತ್ರ ಮೈನಸ್ ಏಳು ಇರುವ ಎಂಟು ವರ್ಷದ ಹುಡುಗಿಯರು ಎಷ್ಟು ಮಂದಿ ಇದ್ದಾರು? ಹೆತ್ತ ಅಪ್ಪನಿಗೆ ಅಷ್ಟು ಸಾಕಾಯಿತು. ಪಕ್ಕದಲ್ಲೇ ವಿಳಾಸವಿತ್ತು.

ಪಾಸ್‌ವರ್ಡ್ ಇತ್ತಲ್ಲ ಎನ್ನುತ್ತೀರಿ. ಅದಕ್ಕೆ ಅವನೇ ಹಿಂದೆ ನಗುತ್ತಿದ್ದ: “ಅದು ಬಾಗಿಲಿಗೆ ಪರದೆ ಕಟ್ಟಿದ ಹಾಗೆ ಕಣೇ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಎಲ್ಲಾ ಓದ್ಬಹುದು. ಎನ್‌ಕ್ರಿಪ್ಟ್ ಮಾಡಿದ್ರೆ ಮಾತ್ರ ಬರೀ ಕಲಸುಮೇಲೋಗರ. ಕೀಲಿ ಇಲ್ದೆ ನಮ್ಮಪ್ಪ ಬಂದ್ರೂ ಓದಕ್ಕಾಗಲ್ಲ.”

ದಯವಿಟ್ಟು ನಿಮ್ಮ ಕಂಪ್ಯೂಟರಿಗೂ ಆ ಎನ್‌ಕ್ರಿಪ್ಟ್ ಮಾಡಿಸಿ. ನಿಮ್ಮ ಗಿರಾಕಿಗಳಲ್ಲಿ ನನ್ನಂಥವರು ಇನ್ನೂ ಇರಬಹುದು.

ಅವನು ಬಂದಾಗ ಬಾಗಿಲು ತೆಗೆದವಳು ಮಗಳು. ನೆರೆಯವರು ಅಡ್ಡ ನಿಂತದ್ದರಿಂದ ಹಿಂಬಾಗಿಲಿನಿಂದ ಓಡಿದೆವು. ಮೆಟ್ಟಿಲಲ್ಲಿ ಕನ್ನಡಕ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಹಿಂದಿರುಗಿದಳು. ಈಗ ಅವಳ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ.

ನಂಬರು ಹಳೆಯದೇ ಇರಲಿ. ಈ ಸಲ ಮಾತ್ರ ತಲೆಯ ಹಿಂದೆ ಬಿಗಿಯುವ ಪಟ್ಟಿಯೊಂದನ್ನು ಹಾಕಿಕೊಡಿ. ಓಡುವಾಗ ಬೀಳಬಾರದು.

ಇಂತಿ,
ಆ ಹುಡುಗಿಯ ತಾಯಿ